ಹಿಂದಿನ ಸೀಟಿನ ರಂಪಕ್ಕೆ ಕಾರಣಗಳಿರುತ್ತವೆ

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಅಷ್ಟು ದೂರ ಬೆಲ್ಟ್ ಹಾಕಿಕೊಂಡು ಒಂದೇ ಕಡೆ ಕೂರುವುದು ಚಿಕ್ಕ ಮಕ್ಕಳ ಮೈಗೆ ಒಗ್ಗದ ಕೆಲಸ. ಕಾರಿನಲ್ಲಿ ಅವರು ಮಾಡುವ ರಂಪದಲ್ಲಿ ಬಹುಪಾಲು ಹಟವಲ್ಲ, ಹಸಿವು, ನಿದ್ದೆ, ಹೊಟ್ಟೆ ತೊಳಸುವಿಕೆಗಳನ್ನು ಬಾಯಿಬಿಟ್ಟು ಹೇಳಲು ಬಾರದೆ ಪಡುವ ಸಂಕಟ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಲಾಟೆ ಅಡಗಲೆಂದು ನಾವು ಮೊಬೈಲ್ ಕೊಡುತ್ತೇವೆ. ಮೈ ಚಲಿಸುತ್ತಿದೆಯೆಂದು ಒಳಗಿವಿ ಮಿದುಳಿಗೆ ತಿಳಿಸುತ್ತಿರುವಾಗ, ಪರದೆಯಲ್ಲಿ ನೆಟ್ಟ ಕಣ್ಣಿಗೆ ಆ ಚಲನೆ ಕಾಣುವುದಿಲ್ಲ. ಇವೆರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದವರಿಗೆ ಈ ತೊಂದರೆ ಹೆಚ್ಚು. ಭರಮಸಾಗರ ದಾಟುವಷ್ಟರಲ್ಲಿ ಮಗು ಮಾತು ನಿಲ್ಲಿಸಿ, ಮುಖ ಬಿಳಿಚಿಕೊಂಡು, ಆಕಳಿಸತೊಡಗಿದರೆ ಮೊಬೈಲ್ ತೆಗೆದಿಟ್ಟು ಸ್ವಲ್ಪ ಗಾಳಿ ಆಡುವಂತೆ ಮಾಡಿ, ದೂರಕ್ಕೆ ನೋಡಲು ಹೇಳಬೇಕು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಎಣಿಸಲು ಹೇಳಿದರೆ ಕಣ್ಣು ತಾನಾಗಿಯೇ ದೂರಕ್ಕೆ ಹೋಗುತ್ತದೆ. ಹೊರಡುವ ಮುನ್ನ ಹೊಟ್ಟೆ ತುಂಬ ಬೆಣ್ಣೆ ದೋಸೆ ತಿನ್ನಿಸುವ ನಮ್ಮೂರಿನ ಅಕ್ಕರೆಯನ್ನು ಆ ಒಂದು ಬೆಳಿಗ್ಗೆ ತಡೆದುಕೊಂಡು, ಎರಡು ಇಡ್ಲಿ ಕೊಡುವುದೇ ಲೇಸು.

ನಮ್ಮ ಇಬ್ಬರ ಜೊತೆಗೆ ತಂಗಿಯ ಮಗನೂ ಸೇರಿದರೆ ಮಕ್ಕಳು ಮೂವರು, ಕಿಟಕಿ ಎರಡೇ. ಆದ್ದರಿಂದ ಚಿತ್ರದುರ್ಗ, ಹಿರಿಯೂರು, ಶಿರಾಗಳಲ್ಲಿ ಕಾರು ನಿಲ್ಲಿಸಿ ಜಾಗ ಬದಲಿಸುವುದೆಂದು ಮನೆ ಬಿಡುವ ಮೊದಲೇ ಮಾತಾಗಿರುತ್ತದೆ. "ಅಪ್ಪಾಜಿ, ಹಿರಿಯೂರು ಬಂತು, ಈಗ ನನ್ನ ಪಾಳಿ" ಎಂದು ಫಲಕ ಓದಿ ಹೇಳುವವರು ಅವರೇ.

ಬೆಲ್ಟಿನ ವಿಷಯದಲ್ಲಿ ಮಾತ್ರ ರಾಜಿ ಕೂಡದು. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ಭದ್ರತೆ ಇಲ್ಲದಿದ್ದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ 1,000 ರೂಪಾಯಿ ದಂಡವಿದೆ. "ನನ್ ತೊಡಿ ಮ್ಯಾಲೆ ಕುಂದ್ರಲಿ ಬಿಡಪ್ಪಾ" ಎನ್ನುವ ಅಜ್ಜಿಗೆ ದಂಡದ ಮಾತು ಬೇಡ. ವೇಗದಲ್ಲಿ ಡಿಕ್ಕಿಯಾದರೆ ಎಂಥ ಗಟ್ಟಿ ಕೈಯೂ ಮಗುವನ್ನು ಹಿಡಿದಿಡಲಾರದು ಎಂದು ಸಮಾಧಾನದಿಂದ ತಿಳಿಸಿದರೆ ಒಪ್ಪುತ್ತಾರೆ.

ಇಷ್ಟಾದರೂ ಜಗಳ ಹತ್ತಿಕೊಂಡರೆ, ಓಡಿಸುತ್ತಿರುವವರು ಹಿಂತಿರುಗಿ ಗದರಲೇಬಾರದು, ಏಕೆಂದರೆ ಹೆದ್ದಾರಿಯಲ್ಲಿ ಕಣ್ಣು ರಸ್ತೆಯಿಂದ ಕದಲಿದ ಆ ಕ್ಷಣದಲ್ಲಿ ಕಾರು ಬಹಳ ದೂರ ಹೋಗಿರುತ್ತದೆ. ಮುಂದೆ ಸಿಗುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಮಕ್ಕಳನ್ನು ಇಳಿಸಿ, ನೀರು ಕುಡಿಸಿ, ಐದು ನಿಮಿಷ ಅಡ್ಡಾಡಿಸಬೇಕು. ಮತ್ತೆ ಎಲ್ಲರೂ ಬೆಲ್ಟ್ ಹಾಕಿಕೊಂಡ ಮೇಲೆಯೇ ಕಾರು ಹೊರಡಬೇಕು.