ಒಗಡೆನ್ ಬಯಲಿನ ನೆನಪು
ನಿನ್ನೆ ರಾತ್ರಿ ಆಫ್ರಿಕಾದ ಭೂಪಟವನ್ನು ಮುಂದಿಟ್ಟುಕೊಂಡು, ಇಥಿಯೋಪಿಯಾದ ಪೂರ್ವಕ್ಕಿರುವ, ಸೊಮಾಲಿ ಜನರೇ ಹೆಚ್ಚಾಗಿರುವ ಒಗಡೆನ್ ಎಂಬ ಒಣ ಬಯಲಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕುಳಿತಿದ್ದೆ. ಸೊಮಾಲಿಯಾದ ಸಿಯಾದ್ ಬರ್ರೆ, ಇಥಿಯೋಪಿಯಾದ ಮೆಂಗಿಸ್ತು ಇಬ್ಬರೂ ಸಮಾಜವಾದದ ಹೆಸರಿನಲ್ಲೇ ಆಳುತ್ತಿದ್ದವರು. 1977ರ ಮಾರ್ಚ್‌ನಲ್ಲಿ ಫಿಡೆಲ್ ಕ್ಯಾಸ್ಟ್ರೊ ಇಬ್ಬರನ್ನೂ ದಕ್ಷಿಣ ಯೆಮೆನ್ನಿನ ರಾಜಧಾನಿ ಏಡನ್‌ನಲ್ಲಿ ಎದುರುಬದುರು ಕೂರಿಸಿ, ದಕ್ಷಿಣ ಯೆಮೆನ್ನನ್ನೂ ಸೇರಿಸಿಕೊಂಡು ಒಂದು ಒಕ್ಕೂಟ ಕಟ್ಟೋಣವೆಂದರೂ, ಒಗಡೆನ್ ತನಗೇ ಸೇರಬೇಕೆಂಬ ಹಟವನ್ನು ಬರ್ರೆ ಬಿಡಲಿಲ್ಲ.

ಜುಲೈನಲ್ಲಿ ಸೊಮಾಲಿ ಸೇನೆ ಗಡಿ ದಾಟಿತು. ಸೆಪ್ಟೆಂಬರ್‌ನಲ್ಲಿ ಒಗಡೆನ್ನಿನ ಜಿಜಿಗಾ ಪಟ್ಟಣ ಅದರ ವಶವಾಯಿತು. ಆ ಸೇನೆಯ ಟ್ಯಾಂಕುಗಳು ಸೋವಿಯತ್ ಒಕ್ಕೂಟ ಕೊಟ್ಟಂಥವು, ಅಧಿಕಾರಿಗಳಲ್ಲಿ ಅನೇಕರು ಅಲ್ಲಿಯೇ ತರಬೇತಿ ಪಡೆದವರು. ಮಾಸ್ಕೋ ಇಥಿಯೋಪಿಯಾದ ಕಡೆ ವಾಲಿದ್ದನ್ನು ಕಂಡ ಬರ್ರೆ ನವೆಂಬರ್‌ನಲ್ಲಿ ಸೋವಿಯತ್ ಒಕ್ಕೂಟದೊಂದಿಗಿನ 1974ರ ಸ್ನೇಹ ಒಪ್ಪಂದವನ್ನು ಹರಿದುಹಾಕಿ, ಸೋವಿಯತ್ ಸಲಹೆಗಾರರನ್ನು ದೇಶದಿಂದ ಹೊರಹಾಕಿದ. ಸೊಮಾಲಿಯಾದ ಬರ್ಬೆರಾ ಬಂದರಿನ ನೆಲೆಯೂ ಅವರ ಕೈತಪ್ಪಿತು. ಅದಾದ ಮೇಲೆ ಶಸ್ತ್ರಾಸ್ತ್ರ ಹೊತ್ತ ಸೋವಿಯತ್ ವಿಮಾನಗಳ ಸಾಲು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದತ್ತ ಹೊರಟಿತು, ಕ್ಯೂಬಾದ ಸಾವಿರಾರು ಸೈನಿಕರೂ ಬಂದಿಳಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಜಿಜಿಗಾ ಮರುವಶದ ಚಿತ್ರ. ಪಟ್ಟಣಕ್ಕೆ ಹೋಗುವ ಕಣಿವೆದಾರಿಯನ್ನು ಸೊಮಾಲಿಗಳು ಕಾದುಕೊಂಡಿದ್ದರಿಂದ, ಸೋವಿಯತ್ ಜನರಲ್ ಪೆಟ್ರೋವ್ ರೂಪಿಸಿದ ಯೋಜನೆಯಂತೆ ದೈತ್ಯ ಹೆಲಿಕಾಪ್ಟರುಗಳು ಹಗುರ ಕವಚವಾಹನಗಳನ್ನು ಬೆಟ್ಟದಾಚೆಗೆ ಹೊತ್ತು ಇಳಿಸಿದವು. 1978ರ ಮಾರ್ಚ್ 5ರಂದು ಪಟ್ಟಣ ಮರಳಿ ಇಥಿಯೋಪಿಯಾದ ಕೈಸೇರಿತು; ನಾಲ್ಕೇ ದಿನಗಳಲ್ಲಿ ಬರ್ರೆ ಸೇನೆಯನ್ನು ಹಿಂತೆಗೆಯುವುದಾಗಿ ಘೋಷಿಸಿದ. ತನಗೆ ಬಂದೂಕು ಹಿಡಿಯಲು ಕಲಿಸಿದವರೇ ಈಗ ಬೆಟ್ಟದಾಚೆ ಶತ್ರುವಿನ ಜೊತೆಗಿದ್ದಾರೆಂದು ತಿಳಿದಾಗ ಒಬ್ಬ ಸೊಮಾಲಿ ಯೋಧನಿಗೆ ಏನನ್ನಿಸಿರಬಹುದು ಎಂದು ಬೆಳಗಿನಿಂದ ಯೋಚಿಸುತ್ತಲೇ ಇದ್ದೇನೆ.