ಅಷ್ಟು ದೊಡ್ಡ ಡಬ್ಬಾ ಟಿವಿ ಇನ್ನೂ ಏಕೆ?

"ಮಾರಿಯೊ, ಕಾಂಟ್ರಾ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತವಲ್ಲ, ಆ ಹಳೆಯ ವಿಡಿಯೊ ಗೇಮನ್ನೂ ಅದಕ್ಕಾಗಿ ಅಷ್ಟು ದೊಡ್ಡ ಡಬ್ಬಾ ಟಿವಿಯನ್ನೂ ಏಕೆ ಇಟ್ಟುಕೊಂಡಿದ್ದೀರಿ?" ಮನೆಗೆ ಬಂದವರೆಲ್ಲ ಕೇಳುತ್ತಾರೆ. ಬಾತುಕೋಳಿ ಹೊಡೆಯುವುದಕ್ಕೆ ಎನ್ನುತ್ತೇನೆ. ಪ್ಲಾಸ್ಟಿಕ್ ಬಂದೂಕನ್ನು ಟಿವಿಯತ್ತ ಹಿಡಿದು ಪರದೆಯ ಮೇಲಿನ ಹಕ್ಕಿಗಳನ್ನು ಹೊಡೆಯುವ 'ಡಕ್ ಹಂಟ್' ಆಟ ಅದು.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು. ಅಸಲಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಬಹಳ ಕಡಿಮೆ. ಹಳದಿ ಕ್ಯಾಸೆಟ್‌ನ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗಿರುತ್ತಿದ್ದದ್ದು ಅವೇ ಕೆಲವು ಆಟಗಳು, ಬೇರೆ ಬೇರೆ ಹಂತದಿಂದ ಶುರುವಾಗುವಂತೆ. ಆದರೂ ಆ ನಕಲನ್ನು ನಾನು ಹಗುರವಾಗಿ ಕಾಣಲಾರೆ. ಅದಿಲ್ಲದಿದ್ದರೆ ನಮ್ಮ ಪೀಳಿಗೆಗೆ ಮಾರಿಯೊ ಸಿಗುತ್ತಲೇ ಇರಲಿಲ್ಲ.

ಮಾರಿಯೊ ಮೊಬೈಲಿಗೆ ಸಲೀಸಾಗಿ ಬರುತ್ತಾನೆ, ನಿಜ. 1985ರ ಆ ಇಡೀ ಆಟದ ಗಾತ್ರ 40 ಕಿಲೋಬೈಟ್. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದ್ದಾರೆ. ಆದರೆ ಬಾತುಕೋಳಿ ಆಟದ ಅರ್ಧ ಭಾಗ ಕ್ಯಾಸೆಟ್‌ನಲ್ಲೇ ಇಲ್ಲ, ಅದು ಟಿವಿಯಲ್ಲಿದೆ.

ಆ ಪ್ಲಾಸ್ಟಿಕ್ ಬಂದೂಕಿನಿಂದ ಟಿವಿಯ ಕಡೆಗೆ ಏನೂ ಹಾರುವುದಿಲ್ಲ. ಬೆಳಕು ಟಿವಿಯಿಂದ ಬಂದೂಕಿಗೆ ಬರುತ್ತದೆ. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಬೆಳಕಿನ ಸಂವೇದಕ ಮೊದಲು ಕಪ್ಪು, ಆಮೇಲೆ ಬಿಳಿ ಕಂಡರೆ ಗುರಿ ತಗುಲಿದಂತೆ. ಎರಡು ಹಕ್ಕಿಗಳಿದ್ದರೆ ಎರಡು ಚೌಕಗಳು ಒಂದರ ಹಿಂದೊಂದು ಬರುತ್ತವೆ. ಯಾವುದರ ಸರದಿಯಲ್ಲಿ ಬೆಳಕು ಕಂಡಿತೋ ಆ ಹಕ್ಕಿ ಬೀಳುತ್ತದೆ. ಮೊದಲ ಕಪ್ಪು ಕ್ಷಣ ಇರುವುದು ಮೋಸ ತಡೆಯಲು: ಬಂದೂಕನ್ನು ಬಲ್ಬಿನತ್ತ ಹಿಡಿದು ಗೆಲ್ಲಲಾಗದು. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದು, ಗುರಿ ತಪ್ಪಿದವರನ್ನು ನೋಡಿ ನಗಲು ಹುಲ್ಲಿನಿಂದ ನಾಯಿ ತಲೆಯೆತ್ತುತ್ತದೆ. ಇಂಥ ಸರಳ, ಚೊಕ್ಕ ಉಪಾಯವನ್ನು ಇನ್ನೊಂದು ಆಟಿಕೆಯಲ್ಲಿ ನಾನು ಕಂಡಿಲ್ಲ.

ಈ ಲೆಕ್ಕವೆಲ್ಲ ನಿಂತಿರುವುದು ಡಬ್ಬಾ ಟಿವಿಯೊಳಗಿನ ಪಿಕ್ಚರ್ ಟ್ಯೂಬ್‌ನ ಮೇಲೆ. ಅದು ಬಂದ ಸಂಕೇತವನ್ನು ತಡಮಾಡದೆ ಗೆರೆಗೆರೆಯಾಗಿ ಬೆಳಗಿಸುತ್ತದೆ. ಈಗಿನ ಎಲ್‌ಇಡಿ ಟಿವಿ ಚಿತ್ರವನ್ನು ಮೊದಲು ತನ್ನೊಳಗೆ ಹದಗೊಳಿಸಿ ಆಮೇಲೆ ತೋರಿಸುತ್ತದೆ. ಬಿಳಿ ಚೌಕ ಬರುವಷ್ಟರಲ್ಲಿ ಯಂತ್ರ ಕಾಯುವುದನ್ನು ಬಿಟ್ಟಿರುತ್ತದೆ. ಮೇಲಾಗಿ, ಅಸಲಿ ಬಂದೂಕಿನ ಸರ್ಕ್ಯೂಟ್ ಹುಡುಕುವುದು ಹಳೆಯ ಟ್ಯೂಬಿನ ಆ ವೇಗದ ಮಿಣುಕನ್ನೇ. ಮೊಬೈಲಿನಲ್ಲಿ ಬೆರಳಿನಿಂದ ಹಕ್ಕಿಯನ್ನು ಒತ್ತಬಹುದು, ಆದರೆ ಅದು ಬೇರೆಯೇ ಆಟ. ಗುರಿ ಹಿಡಿಯುವ ಕೈ, ಎದುರಿನ ಗಾಜು, ನಡುವಿನ ಅಂತರ, ಮೂರೂ ಅಲ್ಲಿಲ್ಲ.

"ಟಿವಿಯೇ ಕೆಟ್ಟರೆ?" ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅದು ನನ್ನನ್ನೂ ಕಾಡುತ್ತದೆ. ಟ್ಯೂಬಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಎಲ್‌ಒಟಿ ಎಂಬ ಬಿಡಿಭಾಗ ಹೋದರೆ ಬದಲಿಸಿಕೊಡುವ ಮೆಕ್ಯಾನಿಕ್‌ಗಳು ಈಗ ಮೊಬೈಲ್ ದುರಸ್ತಿಗೆ ಇಳಿದಿದ್ದಾರೆ. ಹಾಗಾಗಿ ಅಟ್ಟದ ಮೇಲಿನ ಹಳೆಯ ಟಿವಿಯನ್ನು ಗುಜರಿಗೆ ಹಾಕುವ ಮೊದಲು ದಯವಿಟ್ಟು ನನಗೊಂದು ಮಾತು ತಿಳಿಸಿ. ಚಿತ್ರ ಮಸುಕಾಗಿದ್ದರೂ ಸರಿ, ಬಂದು ಒಯ್ಯುತ್ತೇನೆ.