ಮೇಲೆ ಗುಣವಾದ ವಸಡು, ಒಳಗೆ ಉಳಿದ ಚೂರು

ರೂಟ್ ಪ್ಲೇನಿಂಗ್ (ವಸಡಿನ ಕೆಳಗೆ ಬೇರಿಗೆ ಅಂಟಿದ ಕಿಟ್ಟ ಕೆರೆದು ತೆಗೆಯುವ ಡೀಪ್ ಕ್ಲೀನಿಂಗ್) ಮುಗಿಸಿ ಕಳಿಸಿದ ಪೇಶಂಟ್ ಒಂಬತ್ತನೇ ದಿನ ಎಡಗೆನ್ನೆ ಒತ್ತಿ ಹಿಡಿದುಕೊಂಡು ವಾಪಸ್ ಬಂದರು. "ಡಾಕ್ಟ್ರೇ, ಕ್ಲೀನ್ ಮಾಡಿಸೋಕೆ ಮುಂಚೆ ನೋವೇ ಇರ್ಲಿಲ್ಲ. ಈಗ ಆ ಕಡೆ ಅನ್ನ ಅಗಿಯೋಕೂ ಆಗ್ತಿಲ್ಲ." ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. 26ರ, ಅಂದರೆ ಮೇಲಿನ ಎಡ ಮೊದಲ ದವಡೆ ಹಲ್ಲಿನ, ಅಂಗುಳದ ಬದಿಯಲ್ಲಿ ಕಡಲೆಕಾಳಿನಷ್ಟು ಊತ, ಮೇಲ್ಮೈ ಕೆಂಪಗೆ ಮಿರುಗುತ್ತಿತ್ತು. ಅಕ್ಕಪಕ್ಕದ ವಸಡು ಮಾತ್ರ ನಸುಗುಲಾಬಿ ಬಣ್ಣಕ್ಕೆ ತಿರುಗಿ, ಹಲ್ಲಿಗೆ ಬಿಗಿಯಾಗಿ ಅಂಟಿಕೊಂಡಿತ್ತು. ತೊಂದರೆಯ ಮೂಲ ಆ ಬಿಗಿಯಲ್ಲೇ ಇತ್ತು.

ಮೊದಲ ದಿನದ ಚಾರ್ಟ್ ತೆಗೆದು ನೋಡಿದೆ. ಹಲ್ಲಿಗೆ ಆರು ಪಾಯಿಂಟಿನಂತೆ ಪ್ರೋಬಿಂಗ್ (ಹಲ್ಲಿಗೂ ವಸಡಿಗೂ ನಡುವಿನ ಪಾಕೆಟ್‌ನ ಆಳದ ಅಳತೆ), ಬಹುತೇಕ ಕಡೆ 4-5 ಮಿ.ಮೀ., ಕೆಳಗಿನ ಎಡ ಮೊದಲ ದವಡೆ ಹಲ್ಲು 36ರ ಡಿಸ್ಟಲ್ (ಹಿಂಬದಿ) 6, 26 ಡಿಸ್ಟೋಪ್ಯಾಲಟಲ್ (ಅಂಗುಳದ ಕಡೆಯ ಹಿಂಬದಿ) 7, ಅರ್ಧಕ್ಕಿಂತ ಹೆಚ್ಚು ಕಡೆ ಬಿಓಪಿ, ಅಂದರೆ ಪ್ರೋಬ್ ತಾಗಿದರೆ ರಕ್ತ. ಹತ್ತು ವರ್ಷದಿಂದ ಶುಗರ್. ಇಡೀ ಬಾಯಿಯ ಎಕ್ಸ್-ರೇ ಓಪಿಜಿ ಇತ್ತು, 26ಕ್ಕೆ ಐಓಪಿಎ (ಒಂದೆರಡು ಹಲ್ಲಿನ ಸಣ್ಣ ಎಕ್ಸ್-ರೇ) ಇರಲಿಲ್ಲ. ಬೇರಿನ ಕವಲು ನೋಡುವ ಬಾಗಿದ ನೇಬರ್ಸ್ ಪ್ರೋಬ್ ಹಾಕಿದ ದಾಖಲೆಯೂ ಇಲ್ಲ. 7 ಮಿ.ಮೀ. ಎಂದು ಬರೆದ ಕೈಯೇ ಪಕ್ಕದ ಫರ್ಕೇಶನ್ (ಬೇರಿನ ಕವಲು) ಕಾಲಂ ಖಾಲಿ ಬಿಟ್ಟಿತ್ತು. ಮೇಲಿನ ಮೊದಲ ದವಡೆ ಹಲ್ಲಿನ ಡಿಸ್ಟಲ್‌ನಲ್ಲಿ ಅಷ್ಟು ಆಳ ಸಿಕ್ಕಿದರೆ ಬೇರುಗಳು ಕವಲೊಡೆಯುವ ಜಾಗ ತೆರೆದುಕೊಂಡಿರಬಹುದು ಎಂದು ಅಲ್ಲೇ ನಿಂತು ನೋಡಬೇಕಿತ್ತು. ಹೋಗಲಿ ಎನ್ನಲು ಆಗದ ತಪ್ಪು ಅದು.

ಎಡಭಾಗ ಮಾಡಿದ ದಿನದ ಸ್ಲಾಟ್ 45 ನಿಮಿಷ. ಮೇಲೆ ಕೆಳಗೆ ಸೇರಿ 14 ಹಲ್ಲು. ಎಲ್‌ಎ (ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟು ಮರಗಟ್ಟಲು ಹತ್ತು ನಿಮಿಷ ಹೋದರೆ ಹಲ್ಲಿಗೆ ಎರಡೂವರೆ ನಿಮಿಷ ಉಳಿಯುತ್ತದೆ. ಆಳದ ಪಾಕೆಟ್ ಇರುವ ದವಡೆ ಹಲ್ಲು ಒಂದೇ ಹತ್ತು ನಿಮಿಷ ಕೇಳುತ್ತದೆ. ಮಾಮೂಲಿ ಸ್ಕೇಲಿಂಗ್‌ಗೂ ಡೀಪ್ ಕ್ಲೀನಿಂಗ್‌ಗೂ ಒಂದೇ ಅಳತೆಯ ಸ್ಲಾಟ್ ಹಾಕುವ ಕ್ಲಿನಿಕ್‌ಗಳಲ್ಲಿ ಈ ಲೆಕ್ಕ ಎಂದಿಗೂ ಕೂಡುವುದಿಲ್ಲ. ಮ್ಯಾನೇಜ್‌ಮೆಂಟ್‌ಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಒಂದು ಸಿಟ್ಟಿಂಗ್‌ಗೆ ಒಂದು ಕ್ವಾಡ್ರಂಟ್ (ಬಾಯಿಯ ಕಾಲು ಭಾಗ), ಒಂದು ಗಂಟೆ: ಆಳದ ಪಾಕೆಟ್ ಇರುವವರಿಗೆ ಇದಕ್ಕಿಂತ ಕಡಿಮೆ ಬರೆಯಬಾರದು.

ಆದರೆ ಪೂರ್ತಿ ತಪ್ಪನ್ನು ಸ್ಲಾಟಿನ ಮೇಲೆ ಹೊರಿಸಲು ಬರುವುದಿಲ್ಲ. ಕೊನೆಯಲ್ಲಿ ಎಕ್ಸ್‌ಪ್ಲೋರರ್ ಎಂಬ ತಡವಿ ನೋಡುವ ಸಪೂರ ಕಡ್ಡಿ ಆಡಿಸಿದಾಗ 26 ಡಿಸ್ಟಲ್ ನುಣುಪಾಗಿ ಸಿಕ್ಕಿತು. ನುಣುಪು ಎಂದರೆ ಶುದ್ಧ ಎಂದುಕೊಂಡದ್ದೇ ಎಡವಿದ ಜಾಗ. ಅದು ಬರ್ನಿಶ್ ಆದ ಕ್ಯಾಲ್ಕುಲಸ್, ಅಂದರೆ ಮೇಲ್ಮೈ ಮಾತ್ರ ನುಣುಪಾದ ಗಟ್ಟಿ ಕಿಟ್ಟ. ಮೊಂಡು ಕ್ಯುರೆಟ್ (ಬೇರು ಕೆರೆಯುವ ಕೈ ಉಪಕರಣ) ಕ್ಯಾಲ್ಕುಲಸ್ಸನ್ನು ಕೀಳುವುದಿಲ್ಲ, ಅದರ ಮೇಲ್ಪದರವನ್ನಷ್ಟೇ ಸವರಿ ಪಾಲಿಶ್ ಮಾಡುತ್ತದೆ. ಕಂಪನದಿಂದ ಕಿಟ್ಟ ಒಡೆಯುವ ಅಲ್ಟ್ರಾಸಾನಿಕ್ ಯಂತ್ರದ ಪವರ್ ತೀರಾ ಕಡಿಮೆ ಇಟ್ಟು ಮೇಲಿಂದ ಮೇಲೆ ಟಿಪ್ ಓಡಿಸಿದರೂ ಹೀಗೇ ಆಗುತ್ತದೆ. ಆಮೇಲೆ ಎಕ್ಸ್‌ಪ್ಲೋರರ್‌ಗೆ ಬೇರು ಯಾವುದು, ಕಿಟ್ಟ ಯಾವುದು ಎಂಬ ವ್ಯತ್ಯಾಸ ಸುಲಭಕ್ಕೆ ತಿಳಿಯುವುದಿಲ್ಲ. ಅಂಚಿನಲ್ಲಿ ಸಣ್ಣದೊಂದು ಉಬ್ಬು ಮಾತ್ರ ಉಳಿದಿರುತ್ತದೆ. ಹಿಡಿತ ಹಗುರವಾಗಿದ್ದರೆ ಅದು ಬೆರಳಿಗೆ ಹತ್ತುತ್ತದೆ, ಬಿಗಿಯಾಗಿ ಹಿಡಿದರೆ ಇಲ್ಲ.

ಊತ ಕಂಡ ಆ ಹೊತ್ತಿನಲ್ಲಿ ಕೈ ಹಾಕುವ ಮೊದಲು ಒಂದು ಪ್ರಶ್ನೆ ಬಗೆಹರಿಯಬೇಕಿತ್ತು: ಕೀವು ಪಾಕೆಟ್‌ನಿಂದ ಬಂದದ್ದೋ, ಪಲ್ಪ್ (ಹಲ್ಲಿನೊಳಗಿನ ನರ, ರಕ್ತನಾಳದ ಭಾಗ) ಸತ್ತು ಬೇರಿನ ತುದಿಯಿಂದ ಬಂದದ್ದೋ? ಎರಡರ ಚಿಕಿತ್ಸೆ ಬೇರೆ ಬೇರೆ. ಜ್ವರ ಇಲ್ಲ, ಬಾಯಿ ಪೂರ್ತಿ ತೆರೆಯುತ್ತದೆ, ದವಡೆ ಕೆಳಗೆ ಗಂಟು ಸಿಗಲಿಲ್ಲ. ಕೋಲ್ಡ್ ಟೆಸ್ಟ್‌ಗೆ ಪಕ್ಕದ ಹಲ್ಲು 25 ತಟ್ಟನೆ ಸ್ಪಂದಿಸಿತು. 26ಕ್ಕೆ ಇಟ್ಟಾಗ ಮೊದಲು ಏನೂ ಹೇಳಲಿಲ್ಲ. ಆ ಕೆಲವು ಸೆಕೆಂಡು ತುಂಬ ಉದ್ದವಾಗಿದ್ದವು. ಜಾಗ ಬದಲಿಸಿ, ಒರೆಸಿ ಒಣಗಿಸಿ ಮತ್ತೆ ಇಟ್ಟಾಗ "ಹಾ, ಚಳಿ" ಎಂದು ಕೈ ಎತ್ತಿದರು, ತೆಗೆದ ಕೂಡಲೇ ಹೋಯಿತು ಎಂದರು. ಪಲ್ಪ್ ಜೀವಂತ. ಐಓಪಿಎಯಲ್ಲಿ ಬೇರಿನ ತುದಿ ಶುದ್ಧವಾಗಿತ್ತು, ಡಿಸ್ಟಲ್ ಬದಿಯಲ್ಲಿ ಮುಳ್ಳಿನಂಥ ಬಿಳಿ ಚೂರು ಚಾಚಿಕೊಂಡಿತ್ತು. ಈ ಫಿಲ್ಮ್ ಮೊದಲ ದಿನವೇ ಕೈಯಲ್ಲಿರಬೇಕಿತ್ತು.

ಗ್ಲುಕೋಮೀಟರ್ 264 ತೋರಿಸಿತು. "ಕಂಟ್ರೋಲ್‌ನಲ್ಲಿದೆ" ಎಂಬ ಬಾಯಿಮಾತಿನ ಮೇಲೆ ಹೋಗಿದ್ದೆವು, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಕೇಳಿರಲಿಲ್ಲ.

ಊತದೊಳಕ್ಕೆ ಸೂಜಿ ಚುಚ್ಚಬಾರದು. ದೂರದಿಂದ ಪಿಎಸ್‌ಎ ಬ್ಲಾಕ್ (ಮೇಲಿನ ದವಡೆ ಹಲ್ಲುಗಳ ನರ ಮರಗಟ್ಟಿಸುವ ಚುಚ್ಚುಮದ್ದು), ಹಿಂದೆ ಅಂಗುಳದ ಗ್ರೇಟರ್ ಪ್ಯಾಲಟೈನ್ ನರಕ್ಕೆ ಅರ್ಧ ಎಂ.ಎಲ್. ಒಳಗೆ, 1:80,000 ಅಡ್ರಿನಲಿನ್ ಇರುವ 2% ಲಿಗ್ನೋಕೇನ್. ಮರಗಟ್ಟಿದ ಮೇಲೆ ಪ್ರೋಬನ್ನು ಪಾಕೆಟ್ ಗೋಡೆಗೆ ಒರಗಿಸಿ ನಿಧಾನವಾಗಿ ಇಳಿಸಿದರೆ ಬಿಗಿದ ವಸಡು ತೆರೆದುಕೊಂಡು ಕೀವು ತಾನಾಗಿ ಹೊರಗೆ ಬಂತು. ಸಲೈನ್‌ನಿಂದ ತೊಳೆದು, ಹೊಸದಾಗಿ ಮಸೆದ ಮಿನಿ ಗ್ರೇಸಿ 13/14 ಕ್ಯುರೆಟ್ ಕೆಳಗಿಳಿಸಿದೆ. ಬ್ಲೇಡನ್ನು ಬೇರಿಗೆ ಮುಚ್ಚಿಕೊಂಡಂತೆ ಒಳಗಿಳಿಸಿ, ತಳ ಸಿಕ್ಕಿದ ಮೇಲೆ ಲೋವರ್ ಶ್ಯಾಂಕ್ (ಬ್ಲೇಡಿಗೆ ಹತ್ತಿರದ ಕಡ್ಡಿಭಾಗ) ಹಲ್ಲಿಗೆ ಸಮಾನಾಂತರ ಮಾಡಿ, ಚೂರಿನ ಕೆಳ ಅಂಚಿಗೆ ಸಿಕ್ಕಿಸಿ ಮೋಟು ಸ್ಟ್ರೋಕ್. ಮೂರನೆಯದಕ್ಕೆ ಅಕ್ಕಿ ನುಚ್ಚಿನಷ್ಟು ಕಪ್ಪು ಚೂರು ಗಾಜ್ ಬಟ್ಟೆಗೆ ಬಿತ್ತು.

ಆದದ್ದು ಇಷ್ಟೇ. ಮೊದಲ ಸಲದ ಕೆಲಸ ಮೇಲಿನ ಮೂರು ನಾಲ್ಕು ಮಿ.ಮೀ.ಗಷ್ಟೇ ಮುಟ್ಟಿತು. ಅಲ್ಲಿ ಊತ ಇಳಿದು ವಸಡಿನ ಅಂಚು ಕುಗ್ಗಿ ಬಿಗಿಯಾಯಿತು. ಮೊದಲು ಕೀವು ಸೋರಿ ಹೋಗಲು ಇದ್ದ ಬಾಗಿಲು ಮುಚ್ಚಿತು. ಕೆಳಗಿನ ಚೂರೂ ಬ್ಯಾಕ್ಟೀರಿಯಾಗಳೂ ಒಳಗೇ ಉಳಿದವು. ಸಕ್ಕರೆ ಹೆಚ್ಚಿದ್ದ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಅರ್ಧ ಮಾಡಿದ ಡೀಪ್ ಕ್ಲೀನಿಂಗ್ ಕೆಲವೊಮ್ಮೆ ಮಾಡದೇ ಇದ್ದದ್ದಕ್ಕಿಂತ ಬೇಗ ನೋವು ತರುವುದು ಹೀಗೆ.

ಆಂಟಿಬಯಾಟಿಕ್ ಬರೆಯಬೇಕೇ ಎಂದು ಜೂನಿಯರ್ ಕೇಳಿದರು. ಕೀವು ಹೊರಬಂದು, ಜ್ವರ ಇಲ್ಲದೆ, ಊತ ಒಂದೇ ಕಡೆ ಇದ್ದರೆ ಬೇಕಿಲ್ಲ. ಕ್ಯಾಲ್ಕುಲಸ್ ಒಳಗೇ ಬಿಟ್ಟು ಮಾತ್ರೆ ಮಾತ್ರ ಕೊಟ್ಟರೆ ಅದೇ ಹಲ್ಲಿನ ತೊಂದರೆ ಮತ್ತೆ ಬರುತ್ತದೆ. ಇವರ ಶುಗರ್ ನೋಡಿ, ಮರುದಿನ ಬಂದು ತೋರಿಸುವಂತೆ ಹೇಳಿ, ಫಿಸಿಶಿಯನ್‌ಗೆ ಪತ್ರ ಬರೆದೆ. ವಸಡಿನ ಚಿಕಿತ್ಸೆ ಸರಿಯಾಗಿ ಆದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ. ಈ ಮಾತನ್ನು ಆ ಪತ್ರದಲ್ಲಿ ಬರೆಯುವುದು ಮುಖ್ಯ, ಏಕೆಂದರೆ ಹಲ್ಲಿನ ವಿಷಯ ಎಂದು ಪತ್ರ ಬದಿಗಿಡುವವರಿದ್ದಾರೆ.

ಈಗ ಟ್ರೇಯಲ್ಲಿ ಸ್ಟೆರೈಲ್ ಸೆರಾಮಿಕ್ ಮಸೆಗಲ್ಲು ಇಲ್ಲದೆ ರೂಟ್ ಪ್ಲೇನಿಂಗ್ ಶುರುವಾಗುವುದಿಲ್ಲ. ಬ್ಲೇಡಿನ ಮುಖಕ್ಕೂ ಕಲ್ಲಿಗೂ ನಡುವೆ 100-110 ಡಿಗ್ರಿ, ಬ್ಲೇಡಿನ ಬುಡದಿಂದ ತುದಿಯ ಕಡೆಗೆ. ಗ್ರೇಸಿಗೆ ಒಂದೇ ಕಡೆ ಹರಿತ, ಮೇಲಿನ ಅಂಚನ್ನು ಮಸೆದು ಬ್ಲೇಡ್ ಸವೆಸಬೇಡಿ. ಅಕ್ರಿಲಿಕ್ ಕಡ್ಡಿಗೆ ಒತ್ತಿದಾಗ ಕಚ್ಚಿ ಹಿಡಿಯಬೇಕು, ಜಾರಿದರೆ ಮೊಂಡು. ದೀಪದ ಕೆಳಗೆ ಅಂಚು ಬಿಳಿ ಗೆರೆಯಂತೆ ಹೊಳೆದರೂ ಮೊಂಡೇ. ಅಲ್ಟ್ರಾಸಾನಿಕ್ ಟಿಪ್‌ಗೆ ವೇರ್ ಕಾರ್ಡ್ (ಸವೆತ ಅಳೆಯುವ ಕಾರ್ಡ್) ಹಿಡಿಯಿರಿ: 1 ಮಿ.ಮೀ. ಸವೆದರೆ ಸುಮಾರು ಕಾಲು ಭಾಗ ಕೆಲಸ ಹೋಯಿತು, 2 ಮಿ.ಮೀ. ಸವೆದರೆ ಅರ್ಧ, ಎಸೆಯಬೇಕು. ಹೊಸ ಟಿಪ್ ಕೇಳಿದರೆ "ಇನ್ನೂ ನಡೀತಿದೆಯಲ್ಲ" ಎನ್ನುವ ಸ್ಟೋರ್‌ನವರಿಗೆ ಆ ಕಾರ್ಡನ್ನೇ ತೋರಿಸಿ.

ಫರ್ಕೇಶನ್ ಬಗ್ಗೆ ಒಂದು ಅಳತೆ ನೆನಪಿರಲಿ. ಮೊದಲ ದವಡೆ ಹಲ್ಲುಗಳ ಕವಲಿನ ಬಾಯಿ ಅರ್ಧಕ್ಕಿಂತ ಹೆಚ್ಚು ಕಡೆ 0.75 ಮಿ.ಮೀ.ಗಿಂತ ಕಿರಿದು. ಮಾಮೂಲಿ ಕ್ಯುರೆಟ್ ಬ್ಲೇಡಿನ ಅಗಲವೇ ಅಷ್ಟು ಅಥವಾ ಅದಕ್ಕಿಂತ ಹೆಚ್ಚು. ಅಲ್ಲಿಗೆ ಹೋಗುವುದು ಸಪೂರ ಅಲ್ಟ್ರಾಸಾನಿಕ್ ಟಿಪ್ ಮಾತ್ರ. 3 ಮಿ.ಮೀ. ಒಳಗಿನ ಆರೋಗ್ಯವಂತ ಜಾಗವನ್ನು ಮಾತ್ರ ಕೆರೆಯಬೇಡಿ, ಅಲ್ಲಿ ಇದ್ದ ಹಿಡಿತವೇ ಹೋಗುತ್ತದೆ.

ಪೇಶಂಟ್‌ಗೂ ಮೊದಲೇ ಹೇಳಿ: ಊತ ಇಳಿದ ಮೇಲೆ ಹಲ್ಲು ಉದ್ದ ಕಾಣುತ್ತದೆ, ಸಂದಿ ತೆರೆಯುತ್ತದೆ, ತಣ್ಣೀರು ಕೆಲವು ವಾರ ಜುಮ್ಮೆನ್ನುತ್ತದೆ. ಕಿಟ್ಟ ಹೋಗಿ ನಿಜವಾದ ವಸಡು ಕಾಣುತ್ತಿದೆ, ಹಲ್ಲು ಸಡಿಲ ಮಾಡಿದ್ದಲ್ಲ. ಆದರೆ ಊತ, ಕೀವು, ಅಗಿಯಲಾಗದ ನೋವು ಬಂದರೆ "ಕ್ಲೀನ್ ಮಾಡಿದ್ರೆ ಹೀಗೇ ಆಗುತ್ತೆ" ಎಂದು ಮನೆಯಲ್ಲಿ ಕೂರದೆ ಅದೇ ದಿನ ಬರಬೇಕು. ಇವರು ಎರಡು ದಿನ ಲವಂಗ ಇಟ್ಟುಕೊಂಡು ಕಾದಿದ್ದರು.

ಆರು ವಾರದ ನಂತರ ಮತ್ತೆ ಚಾರ್ಟ್ ಮಾಡಿದೆವು. 36 ಡಿಸ್ಟಲ್ 6ರಿಂದ 4ಕ್ಕೆ ಬಂದಿತ್ತು, ರಕ್ತ ಇಲ್ಲ. ಉಳಿದ ಕಡೆ ಬಹುತೇಕ 3. 26 ಡಿಸ್ಟಲ್ ಇನ್ನೂ 6, ರಕ್ತವೂ ಬಂತು, ನೇಬರ್ಸ್ ಪ್ರೋಬ್ ಒಳಗೆ ಹೋಗಿ ನಿಂತಿತು. ಅಲ್ಲಿ ಕಣ್ಣಿಗೆ ಕಾಣದೆ ಕೆರೆಯುವ ಕೆಲಸ ಮುಗಿದಿದೆ, ಫ್ಲ್ಯಾಪ್ ಎತ್ತಿ, ಅಂದರೆ ವಸಡನ್ನು ಬಿಡಿಸಿ, ನೋಡಲೇಬೇಕು. ಶುಗರ್ ಹತೋಟಿಗೆ ಬಂದ ಕೂಡಲೇ ಎಂದು ದಿನ ಗುರುತು ಹಾಕಿದ್ದೇವೆ. ಈ ಸಲ ಸ್ಲಾಟ್ ಒಂದೂವರೆ ಗಂಟೆ.